ಬ್ರೆಸ್ಟ್ ರಿಡಕ್ಷನ್‌ನಲ್ಲಿ ತೆಗೆದ ತುಂಡಲ್ಲಿ ಕ್ಯಾನ್ಸರ್ ಸಿಕ್ಕಿದೆ. ಜಾಗ ಗೊತ್ತಿಲ್ಲ ಅಂತ ಇಡೀ ಎದೆ ತೆಗೆಸಲೇಬೇಕಾ?

ನೀಲಿಸೆರಗು:

ನನಗೆ 46 ವರ್ಷ. ಎರಡೂ ಎದೆ ಚಿಕ್ಕದು ಮಾಡಿಸುವ ಆಪರೇಷನ್ ಆಗಿ ಇವತ್ತಿಗೆ 13 ದಿನ. ಕುತ್ತಿಗೆ ನೋವು, ಭುಜದ ಮೇಲೆ ಬ್ರಾ ಪಟ್ಟಿ ಕೊರೆದ ಗುಳಿ, ಎದೆಯ ಕೆಳಗೆ ಬೆವರಿ ಬೆವರಿ ಚರ್ಮ ಕೆಂಪಾಗಿ ಸುಲಿಯುವುದು, ಇವೆಲ್ಲ 20 ವರ್ಷದಿಂದ ಇದ್ದವು. ಸಾಕಾಗಿ ಹೋಗಿತ್ತು. ಆಪರೇಷನ್ ಆದ ಮಾರನೇ ದಿನ ಎದ್ದು ಕೂತಾಗ ಭುಜ ಹಗುರ ಆಗಿದ್ದು ಗೊತ್ತಾಗಿ ಅತ್ತುಬಿಟ್ಟೆ. ಅಷ್ಟು ಖುಷಿ ಆಗಿತ್ತು.

ಮೊನ್ನೆ ಡ್ರೆಸಿಂಗ್ ಬದಲಾಯಿಸಲು ಹೋಗಿದ್ದೆ. ಪ್ಲಾಸ್ಟಿಕ್ ಸರ್ಜನ್ ಗಾಯ ನೋಡಿದರು, ಚೆನ್ನಾಗಿ ಒಣಗುತ್ತಿದೆ ಅಂದರು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕಕ್ಕೇ ಬಂದು ಕೂತರು. ಅವರು ಯಾವತ್ತೂ ನಿಂತೇ ಮಾತಾಡುವವರು. ಏನೋ ಆಗಿದೆ ಅಂತ ನನಗೆ ಆಗಲೇ ಅನ್ನಿಸಿತು.

ರಿಪೋರ್ಟ್‌ನಲ್ಲಿ ಇರುವುದು ಇಷ್ಟು. ಬಲಗಡೆ 610 ಗ್ರಾಂ, ತೊಂದರೆ ಇಲ್ಲ, ಫೈಬ್ರೋಸಿಸ್ಟಿಕ್ ಬದಲಾವಣೆ ಅಂತ ಬರೆದಿದ್ದಾರೆ. ಎಡಗಡೆ 680 ಗ್ರಾಂ, ಮೂರು ತುಂಡು. ನೋಡಿದ 5 ಬ್ಲಾಕ್‌ಗಳಲ್ಲಿ (ಪರೀಕ್ಷೆಗೆ ಮೇಣದಲ್ಲಿ ಕೂರಿಸಿದ ಚೂರುಗಳು) ಒಂದರಲ್ಲಿ ಡಿಸಿಐಎಸ್ (ಹಾಲಿನ ನಾಳದ ಒಳಗೇ ಇರುವ ಕ್ಯಾನ್ಸರ್), ಲೋ ಗ್ರೇಡ್ ಅಂದರೆ ನಿಧಾನವಾಗಿ ಬೆಳೆಯುವ ಬಗೆ, 4 ಮಿ.ಮೀ. ಕೆಳಗೆ ಒಂದು ಸಾಲು: ತುಂಡುಗಳಾಗಿ ಬಂದಿರುವುದರಿಂದ ಮಾರ್ಜಿನ್, ಅಂದರೆ ಕುಯ್ದ ಅಂಚಿನ ತನಕ ಕ್ಯಾನ್ಸರ್ ಇದೆಯಾ ಇಲ್ಲವಾ ಅನ್ನುವುದು, ಹೇಳಲು ಆಗುವುದಿಲ್ಲ.

ಆಪರೇಷನ್‌ಗೆ 4 ತಿಂಗಳು ಮುಂಚೆ ಮ್ಯಾಮೊಗ್ರಾಮ್ ಮಾಡಿಸಿದ್ದೆ. ಎದೆ ಡೆನ್ಸ್ ಆಗಿದೆ (ಗ್ರಂಥಿ ಮತ್ತು ನಾರು ಜಾಸ್ತಿ), ಬೇರೇನೂ ಇಲ್ಲ ಅಂತ ಬಂದಿತ್ತು. ಮನೆಯಲ್ಲಿ ಯಾರಿಗೂ ಈ ಕಾಯಿಲೆ ಇಲ್ಲ. ಕೈಗೆ ಗಂಟೂ ಸಿಕ್ಕಿರಲಿಲ್ಲ.

ನಿನ್ನೆ ಕ್ಯಾನ್ಸರ್ ಸರ್ಜನ್ ಹತ್ತಿರ ಹೋದೆ. ಅವರು ತುಂಬ ಸಮಾಧಾನದಿಂದಲೇ ಹೇಳಿದರು. ಸಾಮಾನ್ಯವಾಗಿ ಮೊದಲು ಸೂಜಿ ಹಾಕಿ ಬಯಾಪ್ಸಿ ಮಾಡುತ್ತೇವೆ, ಜಾಗ ಗೊತ್ತಿರುತ್ತದೆ, ಅದರ ಸುತ್ತ ಕುಯ್ದು ತೆಗೆಯುತ್ತೇವೆ. ನಿಮ್ಮದರಲ್ಲಿ ತೆಗೆದ ಮೇಲೆ ಗೊತ್ತಾಗಿದೆ. ಒಳಗಿನ ಮಾಂಸವನ್ನೆಲ್ಲ ತಿರುಗಿಸಿ, ಮೇಲೆತ್ತಿ, ಹೊಸ ಆಕಾರಕ್ಕೆ ಹೊಲಿದಿದ್ದಾರೆ. ಮೊದಲು ಕೆಳಗಿದ್ದದ್ದು ಈಗ ಪಕ್ಕಕ್ಕೆ ಬಂದಿರಬಹುದು. ಹಾಗಾಗಿ ಎಡ ಎದೆ ಪೂರ್ತಿ ತೆಗೆಯುವುದು ಒಂದು ದಾರಿ, ಎಂಆರ್‌ಐ ನೋಡಿ ರೇಡಿಯೇಷನ್ ಕೊಡುವುದು ಇನ್ನೊಂದು ದಾರಿ. ಹತ್ತು ದಿನ ಬಿಟ್ಟು ಬನ್ನಿ ಅಂದರು.

ಕನ್ನಡಿ ಮುಂದೆ ನಿಂತು ನೋಡಿಕೊಂಡೆ. ಹೊಲಿಗೆ ಲಂಗರಿನ ಆಕಾರದಲ್ಲಿದೆ. ಎರಡು ಗೆರೆ ಸೇರುವ ಕಡೆ ನಾಣ್ಯದಷ್ಟು ಜಾಗ ಇನ್ನೂ ಹಸಿಯಾಗಿದೆ. 20 ವರ್ಷ ಕಾದು ಮಾಡಿಸಿಕೊಂಡದ್ದು, ಇನ್ನೂ ಒಣಗಿಲ್ಲ. ಅದನ್ನೇ ತೆಗೆಸಬೇಕು ಅಂದರೆ ನಾನು ಹೇಗೆ ತಡೆದುಕೊಳ್ಳಲಿ?

ಇದೇ ಥರ ಆದವರು ಯಾರಾದರೂ ಇದ್ದೀರಾ? ಜಾಗ ಗೊತ್ತಿಲ್ಲ ಅಂದರೆ ಗೊತ್ತೇ ಆಗುವುದಿಲ್ಲವಾ?

ಹಗುರಹೆಜ್ಜೆ:

ತಂಗಿ ಅಂತಲೇ ಕರೆಯುತ್ತೇನೆ, ಬೇಜಾರಿಲ್ಲ ಅಲ್ವಾ? ನನಗೂ ಹೀಗೇ ಆಗಿತ್ತು. ಆಗ ನನಗೆ 51. ನನ್ನದು ಡಿಸಿಐಎಸ್ ಅಲ್ಲ. ನಾಳದಿಂದ ಹೊರಗೆ ಹರಡಲು ಶುರುವಾಗಿದ್ದ ಕ್ಯಾನ್ಸರ್, 9 ಮಿ.ಮೀ. ತುಂಡುಗಳು ಹದಿನೇಳೋ ಹದಿನೆಂಟೋ ಇದ್ದವು. ಯಾವುದು ಎಲ್ಲಿಂದ ಬಂತು ಅಂತ ಯಾರಿಗೂ ಹೇಳಲು ಆಗಲಿಲ್ಲ. ಅಲ್ಲಿಗೆ ಹರಡಿದೆಯಾ ಅಂತ ನೋಡಲು ಕಂಕುಳ ಗಂಟಿನ ಪರೀಕ್ಷೆ ಬೇರೆ ಆಗಬೇಕಿತ್ತು. ನಾನು ಪೂರ್ತಿ ತೆಗೆಸಿದೆ.

ತೆಗೆಸಿದ ಎದೆಯ ರಿಪೋರ್ಟ್ ಬಂದಾಗ ಅದರಲ್ಲಿ ಕ್ಯಾನ್ಸರ್ ಒಂದು ಚೂರೂ ಉಳಿದಿರಲಿಲ್ಲ. ಮೊದಲ ಆಪರೇಷನ್‌ನಲ್ಲೇ ಎಲ್ಲ ಹೋಗಿತ್ತು. ಕಂಕುಳ ಗಂಟೂ ಶುದ್ಧ. ಡಾಕ್ಟರು ನಗುತ್ತಾ ಹೇಳಿದರು, ಒಳ್ಳೆಯ ಸುದ್ದಿ ಅಂತ. ನಾನು ನಗಲಿಲ್ಲ. ಮನೆಗೆ ಬಂದು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಹಾಗಾದರೆ ಇದನ್ನು ಸುಮ್ನೆ ತೆಗೆಸಿದೆನಾ ಅಂತ ಒಂದೇ ಯೋಚನೆ. ಅದರಿಂದ ಹೊರಗೆ ಬರಲು ನನಗೆ ವರ್ಷ ಹಿಡಿಯಿತು.

ಈಗ 6 ವರ್ಷ ಆಯಿತು, ಆರೋಗ್ಯವಾಗಿದ್ದೇನೆ. ತೆಗೆಸಿದ್ದು ತಪ್ಪು ಅಂತ ಹೇಳುತ್ತಿಲ್ಲ. ಆವತ್ತು ಗೊತ್ತಿದ್ದಷ್ಟರಲ್ಲಿ ಅದೇ ಸರಿ. ಆದರೆ ನನಗೆ ಒಂದು ಕೊರಗು ಇದೆ. ಲ್ಯಾಬ್‌ನವರನ್ನು ಇನ್ನೊಂದು ಸಲ ನೋಡಿ ಅಂತ ಕೇಳಬಹುದು ಅನ್ನುವುದೇ ನನಗೆ ತಿಳಿದಿರಲಿಲ್ಲ. ರಿಪೋರ್ಟ್ ಬಂತು ಅಂದರೆ ಮುಗಿಯಿತು ಅಂದುಕೊಂಡಿದ್ದೆ. ನಿನ್ನ ಹತ್ತಿರ ಹತ್ತು ದಿನ ಇದೆ. ಕೇಳು.

ಇನ್ನೊಂದು. ನಿನ್ನದು ಡಿಸಿಐಎಸ್, ಅದೂ ಲೋ ಗ್ರೇಡ್. ನಾಳೆಯೇ ತೀರ್ಮಾನ ಮಾಡಬೇಕಾದ ಕಾಯಿಲೆ ಅಲ್ಲ. ಗಾಯ ಒಣಗಲಿ.

ಸ್ಲೈಡ್‌ಪೆಟ್ಟಿಗೆ:

ನಾನು ಪ್ಯಾಥಾಲಜಿ ಲ್ಯಾಬ್‌ನಲ್ಲಿ 14 ವರ್ಷದಿಂದ ಕೆಲಸ ಮಾಡುತ್ತೇನೆ. ಈ ತುಂಡುಗಳನ್ನು ಡಬ್ಬದಿಂದ ತೆಗೆದು ಕುಯ್ಯುವ ಟೇಬಲ್ ಹತ್ತಿರವೇ ನನ್ನ ಜಾಗ. ನಾನು ಡಾಕ್ಟರ್ ಅಲ್ಲ, ಚಿಕಿತ್ಸೆ ಬಗ್ಗೆ ಹೇಳುವುದಿಲ್ಲ. ಆದರೆ ಮೇಡಂ, ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇನ್ನೂ ಲ್ಯಾಬ್‌ನ ಡಬ್ಬದಲ್ಲಿದೆ. ಅದನ್ನು ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ.

ನಿಮ್ಮ 680 ಗ್ರಾಂ ನಮ್ಮ ಹತ್ತಿರ ಬಂದರೆ ಏನಾಗುತ್ತದೆ ಹೇಳುತ್ತೇನೆ. ಮೊದಲು ತೂಕ. ಆಮೇಲೆ ಉದ್ದ ಅಗಲ ಅಳೆಯುತ್ತೇವೆ. ಯಾವ ಅಂಚು ಯಾವ ಕಡೆಯದು ಅನ್ನುವ ಗುರುತಿಗೆ ಸರ್ಜನ್ ದಾರ ಕಟ್ಟಿದ್ದಾರಾ ಅಂತ ನೋಡುತ್ತೇವೆ. ಆಮೇಲೆ ಉದ್ದ ಚಾಕುವಿನಿಂದ ಸುಮಾರು 1 ಸೆ.ಮೀ. ದಪ್ಪಕ್ಕೆ ಸಾಲಾಗಿ ಕುಯ್ಯುತ್ತಾ ಹೋಗುತ್ತೇವೆ. ಪೂರ್ತಿ ಬೇರೆ ಮಾಡುವುದಿಲ್ಲ. ಒಂದು ಅಂಚು ಅಂಟಿಕೊಂಡೇ ಇರುತ್ತದೆ, ಪುಸ್ತಕದ ಹಾಳೆ ತಿರುವಿದ ಹಾಗೆ ತಿರುವಬಹುದು. ಒಂದೊಂದು ಹಾಳೆಯನ್ನೂ ಕಣ್ಣಲ್ಲಿ ನೋಡಿ, ಬೆರಳಲ್ಲಿ ಒತ್ತಿ ನೋಡುತ್ತೇವೆ. ಜಾಸ್ತಿ ಇರುವುದು ಹಳದಿ ಕೊಬ್ಬು, ಅದು ಬೆರಳಿಗೆ ಜಾರುತ್ತದೆ. ನಡುವೆ ಬಿಳಿ ನಾರಿನ ಪಟ್ಟಿಗಳು ಇರುತ್ತವೆ, ಅವು ರಬ್ಬರಿನ ಹಾಗೆ ತಡೆಯುತ್ತವೆ. ಹಾಲಿನ ನಾಳಗಳು ಇರುವುದು ಅಲ್ಲೇ. ಹಾಗಾಗಿ ಸ್ಯಾಂಪಲ್ ತೆಗೆಯುವುದೂ ಅಲ್ಲಿಂದಲೇ.

ದೊಡ್ಡ ಕ್ಯಾನ್ಸರ್ ಗಂಟಾದರೆ ಚಾಕುವಿಗೇ ಗೊತ್ತಾಗುತ್ತದೆ, ಮರಳು ಕುಯ್ದ ಹಾಗೆ ಕರಕರ ಅನ್ನುತ್ತದೆ. 4 ಮಿ.ಮೀ. ಲೋ ಗ್ರೇಡ್ ಡಿಸಿಐಎಸ್ ಕಣ್ಣಿಗೂ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ಕೆಟ್ಟ ಕೋಶಗಳು ನಾಳದ ಒಳಗೇ ತುಂಬಿಕೊಂಡಿರುತ್ತವೆ, ಗೋಡೆ ದಾಟಿರುವುದಿಲ್ಲ. ಮ್ಯಾಮೊಗ್ರಾಮ್‌ನಲ್ಲಿ ಇದು ಕಾಣುವುದು ಬಹುತೇಕ ಸುಣ್ಣದ ಚುಕ್ಕೆ ಕೂಡಿಕೊಂಡಿದ್ದರೆ ಮಾತ್ರ. ಚುಕ್ಕೆ ಇಲ್ಲದ ಡಿಸಿಐಎಸ್ ಡೆನ್ಸ್ ಎದೆಯಲ್ಲಿ ಅಡಗಿಬಿಡುತ್ತದೆ. ನಿಮ್ಮ ಮ್ಯಾಮೊಗ್ರಾಮ್ ನೋಡಿದವರು ತಪ್ಪು ಮಾಡಿದ್ದಾರೆ ಅಂತ ಅಂದುಕೊಳ್ಳಬೇಡಿ. ನೀವೂ ಏನೂ ತಪ್ಪು ಮಾಡಿಲ್ಲ.

ಈಗ ಮುಖ್ಯ ವಿಷಯ. ಒಂದು ಬ್ಲಾಕ್‌ಗೆ ಹಿಡಿಯುವುದು ಎರಡು ಮೂರು ಗ್ರಾಂ ಅಷ್ಟೇ. 680 ಗ್ರಾಂ ಪೂರ್ತಿ ನೋಡಬೇಕಾದರೆ 200ಕ್ಕೂ ಜಾಸ್ತಿ ಬ್ಲಾಕ್ ಬೇಕು. ಯಾವ ಲ್ಯಾಬೂ ಅಷ್ಟು ಮಾಡುವುದಿಲ್ಲ. ಅನುಮಾನ ಇಲ್ಲದ ಕೇಸಿನಲ್ಲಿ ಒಂದು ಕಡೆಗೆ ಕೆಲವೇ ಬ್ಲಾಕ್. ನಿಮ್ಮದರಲ್ಲಿ 5 ನೋಡಿದ್ದಾರೆ, ಅಂದರೆ 15 ಗ್ರಾಂ ಇರಬಹುದು. ಉಳಿದ 660 ಗ್ರಾಂ ಫಾರ್ಮಲಿನ್ ಡಬ್ಬದಲ್ಲೇ ಇದೆ. ಡಿಸಿಐಎಸ್ ಸಿಕ್ಕ ಮೇಲೆ ಆ ಡಬ್ಬ ಮತ್ತೆ ತೆಗೆದು ಇನ್ನಷ್ಟು ಬ್ಲಾಕ್ ಹಾಕುವುದು ವಾಡಿಕೆ. ಕೆಲವು ಕಡೆ ತಾವಾಗಿಯೇ ಮಾಡುತ್ತಾರೆ, ಕೆಲವು ಕಡೆ ಸರ್ಜನ್ ಕೇಳಿದರೆ ಮಾಡುತ್ತಾರೆ.

ಆದರೆ ಡಬ್ಬ ಶಾಶ್ವತವಾಗಿ ಇಡುವುದಿಲ್ಲ. ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡ್ ವರ್ಷಗಟ್ಟಲೆ ಇರುತ್ತವೆ. ಒದ್ದೆ ತುಂಡು ಮಾತ್ರ ರಿಪೋರ್ಟ್ ಕೊಟ್ಟು ಕೆಲವು ವಾರ ಆದ ಮೇಲೆ ವಿಲೇವಾರಿಗೆ ಹೋಗುತ್ತದೆ. ಹತ್ತು ದಿನ ಕಾಯಬೇಡಿ. ಇವತ್ತೇ ನಿಮ್ಮ ಸರ್ಜನ್‌ಗೆ ಫೋನ್ ಮಾಡಿ, ಡಬ್ಬ ಬಿಸಾಡದಂತೆ ಲ್ಯಾಬ್‌ಗೆ ಹೇಳಿ ಅನ್ನಿ.

ಮೂರು ವಿಷಯ ಕೇಳಿಸಿ. ಡಿಸಿಐಎಸ್ ಸಿಕ್ಕ ಬ್ಲಾಕ್ ಮೂರು ತುಂಡಿನಲ್ಲಿ ಯಾವುದರದು? ಆ ತುಂಡಿಗೆ ದಾರದ ಗುರುತು ಇತ್ತಾ? ಅದರ ಅಕ್ಕಪಕ್ಕದ ಹಾಳೆಗಳಿಂದ ಇನ್ನಷ್ಟು ಬ್ಲಾಕ್ ಹಾಕಲು ಆಗುತ್ತದಾ? ಹದಿನೆಂಟು ತುಂಡು ಬೇರೆ, ಮೂರು ತುಂಡು ಬೇರೆ. ಮೂರೇ ಇದ್ದರೆ ಆಸೆ ಇಟ್ಟುಕೊಳ್ಳಬಹುದು.

ಬೆಟ್ಟದತಮ್ಮ:

ನನ್ನ ಅಕ್ಕನ ವಿಷಯ ಹೇಳುತ್ತೇನೆ, ಅವಳ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ಅವಳದೂ ರಿಡಕ್ಷನ್ ಆಪರೇಷನ್, ಅವಳದೂ ರಿಪೋರ್ಟ್‌ನಲ್ಲಿ ಡಿಸಿಐಎಸ್ ಅಂತ ಬಂತು. ನಮ್ಮ ಮನೆಯಲ್ಲಿ ಆವತ್ತು ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಸ್ಲೈಡ್ ಮತ್ತು ಬ್ಲಾಕ್ ಇಸಿದುಕೊಂಡು ಎದೆಯ ಕಾಯಿಲೆಯನ್ನೇ ಜಾಸ್ತಿ ನೋಡುವ ಪ್ಯಾಥಾಲಜಿಸ್ಟ್ ಒಬ್ಬರಿಗೆ ನಾನೇ ಹೋಗಿ ಕೊಟ್ಟೆ. ಅವರು ಇ-ಕ್ಯಾಡ್ಹೆರಿನ್ ಅನ್ನುವ ಬಣ್ಣ ಹಾಕಿಸಿ ನೋಡಿದರು. ಅದು ಡಿಸಿಐಎಸ್ ಅಲ್ಲ, ಎಲ್‌ಸಿಐಎಸ್.

ಹೆಸರಲ್ಲಿ ಒಂದೇ ಅಕ್ಷರ ವ್ಯತ್ಯಾಸ, ಆದರೆ ದಾರಿಯೇ ಬೇರೆ. ಅವಳಿಗೆ ಇದ್ದ ಸಾಮಾನ್ಯ ಬಗೆಯ ಎಲ್‌ಸಿಐಎಸ್ ಅನ್ನು ಈಗ ಕ್ಯಾನ್ಸರ್ ಅಂತಲೇ ಲೆಕ್ಕ ಹಿಡಿಯುವುದಿಲ್ಲವಂತೆ. ಮುಂದೆ ಎರಡರಲ್ಲಿ ಯಾವ ಎದೆಯಲ್ಲಾದರೂ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ ಅನ್ನುವ ಎಚ್ಚರಿಕೆ ಅದು. ಮಾರ್ಜಿನ್ ಪ್ರಶ್ನೆಯೇ ಬರಲಿಲ್ಲ. ರೇಡಿಯೇಷನ್ ಬೇಕಾಗಲಿಲ್ಲ. ಮಾತ್ರೆ ತೆಗೆದುಕೊಳ್ಳುತ್ತಾಳೆ, ತಪ್ಪದೆ ಚೆಕಪ್‌ಗೆ ಹೋಗುತ್ತಾಳೆ.

ನಿಮ್ಮದೂ ಹಾಗೇ ಬದಲಾಗುತ್ತದೆ ಅಂತ ಹೇಳುವುದಿಲ್ಲ, ಸುಳ್ಳು ಭರವಸೆ ಕೊಡಬಾರದು. ಆದರೆ ಇಡೀ ಎದೆ ತೆಗೆಯುವ ಮಾತು ಬಂದಿರುವಾಗ ಇನ್ನೊಬ್ಬರು ಸ್ಲೈಡ್ ನೋಡಲೇಬೇಕು. ಕೇಳಿದರೆ ಡಾಕ್ಟರ್ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ನಾವೂ ಹೆದರಿದ್ದೆವು. ಅವರೇ ಪತ್ರ ಬರೆದುಕೊಟ್ಟರು.

ಸ್ಲೈಡ್‌ಪೆಟ್ಟಿಗೆ:

ತಮ್ಮ ಹೇಳಿದ್ದು ಸರಿ. ಲೋ ಗ್ರೇಡ್ ಡಿಸಿಐಎಸ್‌ಗೂ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎಡಿಎಚ್‌ಗೂ (ನಾಳದ ಕೋಶಗಳು ಅಸಹಜವಾಗಿ ಬೆಳೆದಿವೆ, ಇನ್ನೂ ಕ್ಯಾನ್ಸರ್ ಅಲ್ಲ ಅನ್ನುವ ಹಂತ) ನಡುವಿನ ಗೆರೆ ತೆಳು. ನೋಡಲು ಎರಡೂ ಒಂದೇ ಥರ, ಮುಖ್ಯವಾಗಿ ಅಳತೆ ನೋಡಿ ಬೇರೆ ಮಾಡುತ್ತಾರೆ. 2 ಮಿ.ಮೀ. ದಾಟಿದರೆ ಅಥವಾ ಎರಡು ನಾಳ ಪೂರ್ತಿ ತುಂಬಿದ್ದರೆ ಡಿಸಿಐಎಸ್ ಅನ್ನುವುದು ರೂಢಿ. ಮೇಡಂ ಅವರದು 4 ಮಿ.ಮೀ., ಹಾಗಾಗಿ ಬದಲಾಗುವ ಸಾಧ್ಯತೆ ಕಡಿಮೆ. ಆದರೂ ತೋರಿಸಿ.

ಹೊಂಗೆನೆರಳು:

ನಡುವೆ ಬಂದೆ, ಕ್ಷಮಿಸಿ. ಮುಂದಿನ ತಿಂಗಳು ನನಗೂ ಇದೇ ಆಪರೇಷನ್. ಓದಿ ಕೈಕಾಲು ತಣ್ಣಗಾಯಿತು. ಮಾಡಿಸಬೇಕಾ ಬೇಡವಾ? ಮೊದಲೇ ಏನಾದರೂ ಹೇಳಬೇಕಾ ಸರ್ಜನ್‌ಗೆ?

ಸ್ಲೈಡ್‌ಪೆಟ್ಟಿಗೆ:

ಇದಕ್ಕೆ ಹೆದರಿ ನಿಲ್ಲಿಸಬೇಡಿ. ಈ ಆಪರೇಷನ್‌ನಲ್ಲಿ ಹೀಗೆ ಗೊತ್ತಿಲ್ಲದ ಕ್ಯಾನ್ಸರ್ ಸಿಗುವುದು ಅಪರೂಪ. ಬಹುತೇಕ ಲೆಕ್ಕಗಳಲ್ಲಿ ನೂರು ಜನಕ್ಕೆ ಒಬ್ಬರೂ ಬರುವುದಿಲ್ಲ. ಒಂದು ಎದೆಯಲ್ಲಿ ಈಗಾಗಲೇ ಕ್ಯಾನ್ಸರ್ ಆಗಿ, ಸಮ ಮಾಡಲು ಇನ್ನೊಂದನ್ನು ಚಿಕ್ಕದು ಮಾಡಿಸುವವರಲ್ಲಿ ಜಾಸ್ತಿ.

ಹೇಳಬೇಕಾದದ್ದು ಸ್ವಲ್ಪವೇ. ವಯಸ್ಸು 40 ದಾಟಿದ್ದರೆ ಅಥವಾ ಮನೆಯಲ್ಲಿ ಯಾರಿಗಾದರೂ ಇದ್ದರೆ ಮ್ಯಾಮೊಗ್ರಾಮ್ ಮೊದಲೇ ಆಗಲಿ. ಅಮ್ಮ, ಅಕ್ಕತಂಗಿ, ಚಿಕ್ಕಮ್ಮ, ಸೋದರತ್ತೆ, ಅಪ್ಪನ ಕಡೆಯವರನ್ನೂ ಸೇರಿಸಿ ಹೇಳಿ. ತೆಗೆದದ್ದೆಲ್ಲ ಲ್ಯಾಬ್‌ಗೆ ಹೋಗುತ್ತದಾ ಕೇಳಿ. ಎಡಗಡೆಯದು ಒಂದು ಡಬ್ಬ, ಬಲಗಡೆಯದು ಇನ್ನೊಂದು. ಆಗುವಷ್ಟು ದೊಡ್ಡ ತುಂಡಾಗಿ ತೆಗೆದು, ಮೇಲಿನ ಅಂಚಿಗೆ ಒಂದು ದಾರ, ಹೊರಗಿನ ಅಂಚಿಗೆ ಒಂದು ದಾರ ಕಟ್ಟಲು ಹೇಳಿ. ಅದಕ್ಕೆ ಸರ್ಜನ್‌ಗೆ ಒಂದು ನಿಮಿಷ ಸಾಕು. ಬರೀ ಲೈಪೋಸಕ್ಷನ್‌ನಲ್ಲಿ ಚಿಕ್ಕದು ಮಾಡುತ್ತೇವೆ ಅಂದರೆ ಮಾತ್ರ ಯೋಚಿಸಿ. ಕೊಬ್ಬು ಹೀರಿಕೊಂಡು ಬಂದರೆ ನಮಗೆ ಈ ಥರ ನೋಡಲು ತುಂಡೇ ಇರುವುದಿಲ್ಲ.

ನೀಲಿಸೆರಗು:

ಏಳು ವಾರ ಆದ ಮೇಲೆ ಬರೆಯುತ್ತಿದ್ದೇನೆ. ತಡ ಆಯಿತು, ಆದರೆ ನಿಮಗೆಲ್ಲ ಹೇಳದೆ ಇರಲು ಆಗುವುದಿಲ್ಲ.

ಸ್ಲೈಡ್‌ಪೆಟ್ಟಿಗೆ ಅವರೇ, ನಿಮ್ಮ ಉತ್ತರ ಓದಿದ ಅರ್ಧ ಗಂಟೆಗೆ ಫೋನ್ ಮಾಡಿದೆ. ಡಬ್ಬ ಇತ್ತು. ಆ ಒಂದು ಮಾತಿಗೇ ಎಷ್ಟು ಧೈರ್ಯ ಬಂತು ಅಂದರೆ ಹೇಳಲಾರೆ.

ಪ್ಲಾಸ್ಟಿಕ್ ಸರ್ಜನ್ ತಾವೇ ಲ್ಯಾಬ್‌ಗೆ ಹೋಗಿ ಪ್ಯಾಥಾಲಜಿಸ್ಟ್ ಪಕ್ಕದಲ್ಲಿ ನಿಂತರಂತೆ. ಮೂರು ತುಂಡಿನಲ್ಲಿ ದೊಡ್ಡದಕ್ಕೆ ಅವರು ಕಪ್ಪು ದಾರ ಕಟ್ಟಿದ್ದರು, ಹೊರಗಿನ ಅಂಚಿಗೆ. ಡಿಸಿಐಎಸ್ ಸಿಕ್ಕಿದ್ದು ಅದೇ ತುಂಡಿನಲ್ಲಿ. ಹಾಳೆಗಳನ್ನು ಮತ್ತೆ ಜೋಡಿಸಿ, ಹೊರಮೈಗೆ ಇಂಕ್ ಹಚ್ಚಿ, ಸುತ್ತಲಿಂದ ಇನ್ನೂ 22 ಬ್ಲಾಕ್ ಹಾಕಿದರು. ಪಕ್ಕದ ಹಾಳೆಯಲ್ಲಿ ಇನ್ನೊಂದು ಸಣ್ಣ ಜಾಗ ಸಿಕ್ಕಿತು, 2 ಮಿ.ಮೀ. ಉಳಿದದ್ದೆಲ್ಲ ಶುದ್ಧ. ಎರಡೂ ಜಾಗ ಕುಯ್ದ ಅಂಚಿನಿಂದ 6 ಮಿ.ಮೀ.ಗಿಂತ ದೂರ ಇವೆ. ಮೊದಲೇ ಕುಯ್ದ ತುಂಡಾದ್ದರಿಂದ ಈ ಅಳತೆ ಪಕ್ಕಾ ಅಂತ ಹೇಳುವುದಿಲ್ಲ, ಅಂದಾಜು ಅಂತಲೇ ಬರೆದಿದ್ದಾರೆ. ರೇಡಿಯೇಷನ್ ಕೊಡುವುದಾದರೆ ಡಿಸಿಐಎಸ್‌ಗೆ 2 ಮಿ.ಮೀ. ಅಂಚು ಸಾಕು ಅಂತ ಕ್ಯಾನ್ಸರ್ ಸರ್ಜನ್ ಹೇಳಿದರು. ಅಂದಾಜಿನಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆದರೂ ಸಾಕಾಗುತ್ತದೆ ಅಂದರು.

ಸ್ಲೈಡ್ ಇನ್ನೊಬ್ಬರಿಗೂ ತೋರಿಸಿದೆ. ಅವರೂ ಡಿಸಿಐಎಸ್ ಅಂತಲೇ ಅಂದರು. ಇಆರ್ ಪಾಸಿಟಿವ್, ಅಂದರೆ ಈಸ್ಟ್ರೋಜನ್ ಹಾರ್ಮೋನಿಗೆ ಸ್ಪಂದಿಸುವ ಬಗೆ. ಎಂಆರ್‌ಐ ಬೇಗ ಮಾಡಿದರೆ ಗಾಯ ಮಾಯುವ ಜಾಗವೂ ಹೊಳೆದು ಗೊಂದಲ ಆಗುತ್ತದೆ ಅಂತ ಆರು ವಾರ ಕಾದು ಮಾಡಿದರು. ಅನುಮಾನ ಪಡುವಂಥದ್ದು ಕಾಣಲಿಲ್ಲ. ಎಡಗಡೆಗೆ ಹೊಸ ಮ್ಯಾಮೊಗ್ರಾಮ್ ಕೂಡ ಆಯಿತು.

ಆಮೇಲೆ ಎಲ್ಲ ಡಾಕ್ಟರುಗಳೂ ಒಟ್ಟಿಗೆ ಕೂತು ಮಾತಾಡಿದರು. ಪೂರ್ತಿ ತೆಗೆಯುವುದು ಈಗಲೂ ತಪ್ಪಲ್ಲ, ಆದರೆ ಅದೊಂದೇ ದಾರಿ ಅಲ್ಲ ಅಂದರು. ನಾನು ಉಳಿಸಿಕೊಳ್ಳುತ್ತೇನೆ ಅಂದೆ. ಎಡ ಎದೆಗೆ ಪೂರ್ತಿಯಾಗಿ 15 ಸಲ ರೇಡಿಯೇಷನ್. ಕಾಯಿಲೆ ಇದ್ದ ಜಾಗಕ್ಕೆ ಕೆಲವರಿಗೆ ಕೊಡುವ ಹೆಚ್ಚುವರಿ ಡೋಸ್ ನನಗಿಲ್ಲ, ಯಾಕೆಂದರೆ ಆ ಜಾಗ ಈಗ ಎಲ್ಲಿದೆ ಅಂತ ಗುರುತಿಸಿ ಗುರಿಯಿಡಲು ಆಗುವುದಿಲ್ಲ. ಆಮೇಲೆ ಆ ಹಾರ್ಮೋನನ್ನು ಎದೆಯಲ್ಲಿ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆ. 20 ಮಿ.ಗ್ರಾಂ 5 ವರ್ಷವೋ, 5 ಮಿ.ಗ್ರಾಂ 3 ವರ್ಷವೋ ಅಂತ ಮುಂದಿನ ಭೇಟಿಯಲ್ಲಿ ತೀರ್ಮಾನ.

ಹಗುರಹೆಜ್ಜೆ ಅಕ್ಕ, ನಿಮ್ಮ ಮಾತನ್ನು ತುಂಬ ಸಲ ಓದಿದೆ. ನೀವು ಆ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ ಅನ್ನುವುದು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ನಾಣ್ಯದಷ್ಟು ಹಸಿ ಇದ್ದ ಜಾಗ ಮುಚ್ಚಿಕೊಂಡಿದೆ. ಅದು ಮುಚ್ಚುವ ತನಕ ರೇಡಿಯೇಷನ್ ಶುರು ಮಾಡುವುದಿಲ್ಲ ಅಂದಿದ್ದರು. ಸೋಮವಾರ ಅಳತೆ ತೆಗೆದು ಗುರುತು ಹಾಕುತ್ತಾರೆ. ಎಡಗಡೆ ಆದ್ದರಿಂದ ಉಸಿರು ಒಳಗೆ ಎಳೆದು ಹಿಡಿದುಕೊಳ್ಳಬೇಕಂತೆ, ಆಗ ಹೃದಯ ಸ್ವಲ್ಪ ದೂರ ಸರಿಯುತ್ತದೆ. ದಿನಾ ಬೆಳಿಗ್ಗೆ ಗಡಿಯಾರ ನೋಡಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ. 20 ಸೆಕೆಂಡ್ ಆಗುತ್ತಿದೆ.

ಒಂದು ಕೇಳುವುದಿತ್ತು. ರಿಡಕ್ಷನ್ ಆದ ಎದೆಗೆ ರೇಡಿಯೇಷನ್ ತೆಗೆದುಕೊಂಡವರು ಇದ್ದರೆ, ಆ ದಿನಗಳಲ್ಲಿ ಏನು ಹಾಕಿಕೊಳ್ಳುತ್ತಿದ್ದಿರಿ? ಆಪರೇಷನ್ ಆದ ಮೇಲೆ ಕೊಟ್ಟ ಬ್ರಾ ಬಿಗಿ. ಕೆಳಗಿನ ಹೊಲಿಗೆಗೆ ತಾಗುತ್ತದೆ.

ಬೆಳ್ಳಿಕಡಗ:

ಅದನ್ನು ತೆಗೆದಿಟ್ಟುಬಿಡಿ. ನಾನು ಮೆತ್ತನೆ ಹತ್ತಿ ಬನಿಯನ್ ಹಾಕುತ್ತಿದ್ದೆ, ಒಂದು ಅಳತೆ ದೊಡ್ಡದು, ಒಳಗಿನ ಹೊಲಿಗೆ ಹೊರಗೆ ಬರುವ ಹಾಗೆ ತಿರುಗಿಸಿ. ಎರಡನೇ ವಾರದಿಂದ ಚರ್ಮ ಬಿಸಿ ಬಿಸಿ ಅನ್ನಿಸುತ್ತದೆ, ಎದೆಯ ಕೆಳಗಿನ ಮಡಿಕೆಯಲ್ಲಿ ಜಾಸ್ತಿ. ಅಲ್ಲಿ ಉಜ್ಜಬೇಡಿ, ಒತ್ತಿ ಒರೆಸಿ. ಸ್ವಲ್ಪ ಸುಲಿದರೂ ಅವತ್ತೇ ಅಲ್ಲಿನ ನರ್ಸ್‌ಗೆ ತೋರಿಸಿ. ಸೋಮವಾರ ಆದ ಮೇಲೆ ಬರೆಯಿರಿ, ಕಾಯುತ್ತಿರುತ್ತೇನೆ.